ಒಂದು ದಿನ ವೈಶಾಲಿಯ ಹಿಂದೆ

ಶಶಿಕಾಂತ ಕೂತಲ್ಲಿ ಕೂರುವ ಗಿರಾಕಿಯಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದ ಎಂದು ಲೋಕಾಪುರದಲ್ಲಿ ಅವನ ಅವ್ವ ಹೇಳುತ್ತಿದ್ದಳಂತೆ. ನಲವತ್ತೆಂಟು ದಾಟಿದರೂ ಆ ಚಕ್ರ ಕಳಚಿರಲಿಲ್ಲ. ಈಗ ಅಮೆರಿಕದಲ್ಲಿ, ಬಾಥೆಲ್‌ನ ಕ್ಯಾನ್ಯನ್ ಪಾರ್ಕಿನಲ್ಲಿ ಆಸ್ಪತ್ರೆಯ ಯಂತ್ರಗಳನ್ನು ಪರೀಕ್ಷೆ ಮಾಡುವ ನೌಕರಿ. ಮೀಟಿಂಗಿನಲ್ಲಿ ಎಲ್ಲರೂ ಕೂತರೆ ಇವನು ಗೋಡೆಗೆ ಆತು ನಿಲ್ಲುತ್ತಿದ್ದ. ಸಮಾಮಿಶ್‌ನ ಮನೆಯಲ್ಲಿ ಉಳಿದವರು ರೊಟ್ಟಿ ಮುಗಿಸಿ ಅನ್ನಕ್ಕೆ ಬರುವಷ್ಟರಲ್ಲಿ ಇವನು ಉಂಡು, ತಟ್ಟೆ ತೊಳೆದಿಟ್ಟು, ಗರಾಜಿನಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ.

ಹೆಂಡತಿ ವೈಶಾಲಿಗೆ ಇದೇನೂ ಹೊಸದಲ್ಲ. ಮದುವೆಯಾದ ಹೊಸತರಲ್ಲಿ ಬಾಗಲಕೋಟೆಯ ಬಜಾರಿನಲ್ಲಿ ಅವನು ಮುಂದೆ, ಅವಳು ಹತ್ತು ಮಾರು ಹಿಂದೆ. ನಮ್ಮ ಕಡೆಯ ಗಂಡಸರ ರೂಢಿಯೇ ಅದು; ಹೆಂಡತಿ ಬರುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡಿದರೆ ಮೀಸೆ ಉದುರಿಬೀಳುತ್ತದೆ. ಅಮೆರಿಕಕ್ಕೆ ಬಂದ ಮೇಲೂ ಬೆಲ್ವ್ಯೂದ ಮಾಲಿನಲ್ಲಿ, ಏರ್‌ಪೋರ್ಟಿನಲ್ಲಿ ಅದೇ ಮೆರವಣಿಗೆ ನಡೆಯಿತು. ಮೀಸೆ ಬೋಳಿಸಿಕೊಂಡಿದ್ದ, ಅಷ್ಟೇ ಫರಕು.

ಎರಡು ಸಾವಿರದ ನಾಲ್ಕರಲ್ಲಿ ಗೆಳೆಯ ಸ್ಟ್ಯಾನಿಯ ಜೊತೆ ಫ್ರಾನ್ಸಿಗೆ ಹೋಗಿ ಹತ್ತು ದಿನ ಸೈಕಲ್ ಹೊಡೆದು ಬಂದಿದ್ದ. ಸ್ಟ್ಯಾನಿ ಮಂಗಳೂರಿನವನು, ಅದೇ ಆಫೀಸಿನವನು. ಇಬ್ಬರೂ ಹೋದದ್ದು ಸುಣ್ಣಕಲ್ಲಿನ ಸೀಮೆಗೆ. ಅಲ್ಲಿ ಮಳೆ ಬಿದ್ದದ್ದೇ ತಡ, ನೀರು ಬಿರುಕುಗಳಲ್ಲಿ ಇಳಿದು ನೆಲದ ಹೊಟ್ಟೆ ಸೇರುತ್ತದೆ. ಮೇಲೆ ಒಂದು ಹಳ್ಳವೂ ಹರಿಯುವುದಿಲ್ಲ. ಕುಳ್ಳ ಓಕ್ ಮರಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗಿಡ್ಡ ಗೋಡೆಗಳು, ಎರಡು ಗೋಡೆಗಳ ನಡುವೆ ಒಂದೇ ಕಾರು ಹಿಡಿಯುವ ರಸ್ತೆ. ಆ ಕಾರೂ ಬರುವುದಿಲ್ಲ. ಒಂದು ಮಧ್ಯಾಹ್ನ ಶಶಿಕಾಂತ ಒಂದು ದಿಬ್ಬ ಏರಿ ಇಳಿದಾಗ ಬಿಳಿ ಕಲ್ಲಿನ ಊರೊಂದು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಚಹಾದಂಗಡಿ ಮುಚ್ಚಿತ್ತು, ನಾಯಿ ಸಹ ಬೊಗಳಲಿಲ್ಲ. ಚೆಂದ ಕಂಡದ್ದನ್ನು ‘ನೋಡು’ ಅನ್ನಲು ಒಂದು ಕಿವಿ ಬೇಕು. ಅವನ ಪಾಲಿನ ಕಿವಿ ಐದು ಮೈಲಿ ಹಿಂದೆ ಬೆವರು ಒರೆಸಿಕೊಳ್ಳುತ್ತಿತ್ತು. ತಾನು ಬಿಟ್ಟು ಬಂದ ಸ್ಟ್ಯಾನಿಗಾಗಿ ಅಲ್ಲಿ ಕಾಯುವಾಗ ಅವನಿಗೆ ಮೊದಲ ಸಲ ವೈಶಾಲಿ ಇರಬೇಕಿತ್ತು ಅನ್ನಿಸಿತು.

ಎರಡು ವರ್ಷ ಆ ಆಸೆ ಒಳಗೇ ಕುದಿಯಿತು. ಆಮೇಲೆ, ಅವಸರದ ಮನುಷ್ಯ ನೋಡಿ, ಅವಳನ್ನು ಒಂದು ಮಾತು ಕೇಳದೆ ಸೆಪ್ಟೆಂಬರಿಗೆ ಎರಡು ಟಿಕೆಟ್ ತೆಗೆದ. ನಕ್ಷೆಯನ್ನು ಊಟದ ಟೇಬಲ್ ತುಂಬ ಹರವಿದ. ಸಾರಿನ ಪಾತ್ರೆ ಹಿಡಿದುಕೊಂಡ ವೈಶಾಲಿಗೆ ಅದನ್ನು ಇಡಲು ಜಾಗವಿರಲಿಲ್ಲ.

“ಈ ಕೆಂಪು ಗೆರಿ ಹೆದ್ದಾರಿ. ಹಳದಿಯೊಳಗ ಕಾರು ಓಡಾಡ್ತಾವು. ನಾವು ಹೋಗೂದು ಈ ಬಿಳಿ ಗೆರಿ ಮ್ಯಾಲೆ. ಒಂದು ಟ್ರ್ಯಾಕ್ಟರು, ನಾಕು ಕುರಿ, ಮುಗೀತು.”

“ಏನೈತ್ರಿ ಅಲ್ಲಿ ನೋಡಾಕ?”

“ಏನೂ ಇಲ್ಲ. ಅದಕ್ಕ ಹೋಗೂದು.”

“ಸುಣ್ಣದಕಲ್ಲು ನೋಡಾಕ ಫ್ರಾನ್ಸ್ ಯಾಕ ಬೇಕು? ಲೋಕಾಪುರದಾಗ ಪುಗಸಟ್ಟೆ ಐತಿ.”

“ಅಲ್ಲಿ ಲಾರಿ ಅದಾವು, ಸಿಮೆಂಟಿನ ಧೂಳೈತಿ.”

“ಹಳ್ಳ ಇಲ್ಲ, ಹೊಳಿ ಇಲ್ಲ ಅಂತೀರಿ. ಬಾಯಾರಿದ್ರ?”

ಶಶಿಕಾಂತನ ದನಿ ಸಣ್ಣದಾಯಿತು. “ಪ್ರತಿ ಊರಿನ ಸ್ಮಶಾನದಾಗ ಒಂದು ನಳ ಇರ್ತೈತಿ, ಗೋರಿ ಮ್ಯಾಲಿನ ಹೂವಿನ ಕುಂಡಕ್ಕ ಹಾಕಾಕ. ಸೈಕಲ್ಲಿನವರೆಲ್ಲ ಅಲ್ಲೇ ಬಾಟ್ಲಿ ತುಂಬಿಸ್ಕೋತಾರ.”

“ಸುಡಗಾಡ ನೀರು ಕುಡ್ಯಾಕ ವಿಮಾನ ಹತ್ತಬೇಕೇನ್ರಿ!” ಎಂದು ವೈಶಾಲಿ ಪಾತ್ರೆಯನ್ನು ಫ್ರಾನ್ಸಿನ ಮೇಲೆಯೇ ಕುಕ್ಕಿದಳು.

ಇಷ್ಟಾದರೂ ಅವಳು ಒಲ್ಲೆ ಅನ್ನಲಿಲ್ಲ. ಸ್ಟ್ಯಾನಿಯ ಹೆಂಡತಿ ಸಿಸಿಲಿಯಾ ಜೊತೆ ಎರಡು ವರ್ಷದಿಂದ ಶನಿವಾರ ಶನಿವಾರ ನದಿಯ ದಾರಿಯಲ್ಲಿ ಸೈಕಲ್ ಹೊಡೆದು ಅವಳ ಕಾಲೂ ಗಟ್ಟಿಯಾಗಿತ್ತು. ಸ್ಟ್ಯಾನಿ ಮೊದಲೇ ಕೈ ಮುಗಿದಿದ್ದ: “ಮಾರಾಯ, ನಿನ್ನೊಟ್ಟಿಗೆ ಇನ್ನು ನಾನಿಲ್ಲ. ಹತ್ತು ದಿವಸ ನಾನು ಫ್ರಾನ್ಸ್ ನೋಡಿದ್ದಲ್ಲ, ನಿನ್ನ ಹಿಂದಿನ ಚಕ್ರ ನೋಡಿದ್ದು. ಅದೂ ಬೆಳಿಗ್ಗೆ ಹತ್ತು ನಿಮಿಷ ಮಾತ್ರ.” ಈಗ ವೈಶಾಲಿಯೂ ಬರದಿದ್ದರೆ ಶಶಿಕಾಂತ ಮತ್ತೆ ಆ ಮುಚ್ಚಿದ ಚಹಾದಂಗಡಿಯ ಮುಂದೆ ಒಬ್ಬನೇ ನಿಲ್ಲಬೇಕಿತ್ತು.

ವೈಶಾಲಿ ಧರಣಿ ಕೂರಲಿಲ್ಲ, ಘೋಷಣೆ ಕೂಗಲಿಲ್ಲ. ಒಂದೇ ಒಂದು ಬೇಡಿಕೆ ಇಟ್ಟಳು.

“ಇಲ್ಲೇ ಕೆಳಗ ಕಣಿವ್ಯಾಗ ಒಂದಿನ ನನ್ನ ಹಿಂದ ಸೈಕಲ್ ಹೊಡೀರಿ. ಮುಂಜಾನಿಂದ ಸಂಜೀತನಕ. ಒಮ್ಮಿ ನನ್ನ ದಾಟಿದ್ರೂ ನಾ ನಿಮ್ಮ ಕೂಡ ಬರಂಗಿಲ್ಲ.”

“ಇಷ್ಟ ಏನು?”

“ಇಷ್ಟ. ಇಪ್ಪತ್ತೆರಡು ವರ್ಷ ನಿಮ್ಮ ಬೆನ್ನು ನೋಡೇನಿ. ಒಂದಿನ ನೀವು ನನ್ನ ಬೆನ್ನು ನೋಡ್ರಿ.”

ಜೂನಿನ ಒಂದು ಶನಿವಾರ ಕಾರಿನ ಬೆನ್ನಿಗೆ ಎರಡು ಸೈಕಲ್ ಕಟ್ಟಿಕೊಂಡು ಗುಡ್ಡ ಇಳಿದು ಕಣಿವೆಯ ಕಾರ್ನೇಶನ್ ಎಂಬ ಊರಿಗೆ ಹೋದರು. ಕಾರು ಓಡಿಸಿದ್ದು ವೈಶಾಲಿ. ಕೀ ಅವಳ ಜೇಬಿನಲ್ಲೇ ಉಳಿಯಿತು. ಕಾರು ನಿಲ್ಲಿಸಿ, ನದಿಯ ಪಶ್ಚಿಮ ದಂಡೆಯ ರಸ್ತೆ ಹಿಡಿದು ಡುವಾಲ್ ಕಡೆಗೆ ಹೊರಟರು. ಎಡಕ್ಕೆ ಕಾಡುಗುಡ್ಡ, ಬಲಕ್ಕೆ ಹಸಿರು ಹೊಲ, ಸಗಣಿ ಗೊಬ್ಬರದ ಗಮ್ಮನೆಯ ವಾಸನೆ. ಫ್ರಾನ್ಸಿನ ಬಿಳಿ ಗೆರೆಯ ರಸ್ತೆಯಷ್ಟು ನಿರ್ಜನವಲ್ಲದಿದ್ದರೂ ಸಮಾಮಿಶ್ ಕಡೆಯವರಿಗೆ ಇದೇ ದೊಡ್ಡ ಮೌನ.

ಶಶಿಕಾಂತನಿಗೆ ಮೈಮೇಲೆ ಇರುವೆ ಬಿಟ್ಟಂತಾಯಿತು. ಪೆಡಲ್ ತುಳಿದರೆ ಅವಳ ಚಕ್ರಕ್ಕೆ ತಾಗುವ ಭಯ, ಬಿಟ್ಟರೆ ಬೀಳುವ ಭಯ. ಬ್ರೇಕು ಹಿಡಿದೂ ಹಿಡಿದೂ ಬೆರಳು ನೊಂದವು. ವೈಶಾಲಿ ಮಾತ್ರ ಸಂತೆಗೆ ಹೋದವಳಂತೆ ಅತ್ತಿತ್ತ ನೋಡುತ್ತ ಹೊರಟಿದ್ದಳು. ಎಡ ಮೊಣಕಾಲು ಸ್ವಲ್ಪ ಹೊರಕ್ಕೆ ಹಾರುತ್ತಿತ್ತು. ದನ ಕಂಡಲ್ಲೆಲ್ಲ ಅವಳ ವೇಗ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಇವೆರಡೂ ಅವನಿಗೆ ಗೊತ್ತಿರಲಿಲ್ಲ. ಒಂದು ಕಡೆ ಕೊಕ್ಕರೆ ನೋಡಲು ನಿಂತವಳು ನಿಂತೇ ಬಿಟ್ಟಳು.

“ಹೋಗೂಣೇನು?”

“ಬಾಯಿ ಮುಚ್ರಿ.”

ಮುಂದೆ ದಾರಿ ಕವಲೊಡೆದಾಗ ಅವಳು ಬಲಕ್ಕೆ ತಿರುಗಿದಳು. ಅದು ಹೈನಿನ ಕೊಟ್ಟಿಗೆಯ ಗೇಟಿಗೆ ಹೋಗಿ ಸಾಯುವ ರಸ್ತೆ ಎಂದು ಅವನಿಗೆ ಗೊತ್ತಿತ್ತು. ತುದಿ ನಾಲಿಗೆಗೆ ಬಂದದ್ದನ್ನು ನುಂಗಿಕೊಂಡು ಹಿಂಬಾಲಿಸಿದ. ಗೇಟು ಬಂತು. ಗೇಟಿನಾಚೆಯ ಆಕಳೊಂದು ಮೂಗು ಚಾಚಿ ಇಬ್ಬರನ್ನೂ ಮೂಸಿತು.

“ನಿಮಗ ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ಮತ್ತ ಹೇಳಾಕೇನ್ ಧಾಡಿ?”

“ಬಾಯಿ ಮುಚ್ಚಂದಿ, ಮುಚ್ಚೀನಿ.”

ವೈಶಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲೇ ಹುಲ್ಲಿನ ಮೇಲೆ ಕೂತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದರು. “ಪರವಾಗಿಲ್ರಿ. ಅರ್ಧ ದಿನ ದಾಟಿತು,” ಎಂದಳು. ಗೆದ್ದೆ ಎಂದುಕೊಂಡ ಶಶಿಕಾಂತ. ಮನಸ್ಸಿನಲ್ಲೇ ಆ ಬಿಳಿ ಕಲ್ಲಿನ ಊರನ್ನು ಅವಳಿಗೆ ತೋರಿಸಿಯೂ ಬಿಟ್ಟ.

ತಿರುಗಿ ಬರುವಾಗ ಎಡವಟ್ಟಾಯಿತು. ಹಿಂದಿನಿಂದ ಬಣ್ಣಬಣ್ಣದ ಜರ್ಸಿ ಹಾಕಿದ ಏಳೆಂಟು ಜನರ ಗುಂಪು ಬಂತು. “ಆನ್ ಯುವರ್ ಲೆಫ್ಟ್!” ಎಂದು ಒಬ್ಬ ಕೂಗಿದ. ಎಡಗಡೆಯಿಂದ ದಾಟುತ್ತೇವೆ, ಸರಿಯಿರಿ ಎನ್ನುವ ಸಭ್ಯ ಎಚ್ಚರಿಕೆ ಅದು. ಶಶಿಕಾಂತನಿಗೆ ಅದು ಸವಾಲಾಗಿ ಕೇಳಿತು. ಕಾಲುಗಳು ಅವನ ಅಪ್ಪಣೆಗೆ ಕಾಯಲಿಲ್ಲ. ಗಾಳಿ ಕಿವಿಯಲ್ಲಿ ಸಿಳ್ಳೆ ಹೊಡೆಯಿತು, ರಸ್ತೆ ಕೆಳಗೆ ಜಾರಿಹೋಯಿತು, ಬೆಳಿಗ್ಗೆಯಿಂದ ಕಟ್ಟಿಹಾಕಿದ್ದ ಮೈ ಹಗ್ಗ ಹರಿದ ಹೋರಿಯಾಯಿತು. ಗುಂಪಿನವರ ಹಿಂದೆ ಸೇರಿದ, ಆಮೇಲೆ ಇಬ್ಬರನ್ನು ಹಿಂದಿಕ್ಕಿದ. ಪಕ್ಕದವನು “ನೈಸ್ ರೈಡಿಂಗ್” ಅಂದಾಗಲೇ ವೈಶಾಲಿಯನ್ನು ದಾಟಿ ಬಂದದ್ದು ಅವನಿಗೆ ಹೊಳೆದದ್ದು.

ಸೈಕಲ್ ತಿರುಗಿಸಿದ. ಬಂದ ದಾರಿಯುದ್ದಕ್ಕೂ ವಾಪಸ್ ಹೋಗಿ ನೋಡಿದ. ವೈಶಾಲಿ ಎಲ್ಲೂ ಇಲ್ಲ. ಬೇರೆ ದಾರಿ ಹಿಡಿದಿರಬೇಕು. ಮೊಬೈಲಿಗೆ ಕಾಲ್ ಮಾಡಿದರೆ ಎತ್ತಲಿಲ್ಲ. ಬಿದ್ದು ಕೈಕಾಲು ಮುರಿದುಕೊಂಡಳೋ ಏನೋ ಎಂದು ಏದುಸಿರು ಬಿಡುತ್ತ ಕಾರ್ನೇಶನ್ ಮುಟ್ಟಿದರೆ, ಕಾರು ನಿಲ್ಲಿಸಿದ ಜಾಗ ಖಾಲಿಯಿತ್ತು. ಆಗ ಅರ್ಥವಾಯಿತು. ಸಮಾಮಿಶ್‌ನ ಗುಡ್ಡವನ್ನು ಒಬ್ಬನೇ ತುಳಿದುಕೊಂಡು ಏರಿದ. ಯಾರೂ ಹಿಂದೆ ಇಲ್ಲದಾಗ ಮುಂದೆ ಹೋಗುವುದರಲ್ಲಿ ಏನೂ ಮಜವಿರಲಿಲ್ಲ.

ಮನೆಗೆ ಬಂದರೆ ಅವಳು ಸ್ನಾನ ಮುಗಿಸಿ, ಟೇಬಲ್ಲಿನ ಮೇಲೆ ನಕ್ಷೆ ಹರವಿಕೊಂಡು ಕೂತಿದ್ದಳು. ಸಿಟ್ಟು ಕಾಣಲಿಲ್ಲ, ಅದೇ ಅವನನ್ನು ಹೆದರಿಸಿತು.

“ವೈಶಾಲಿ, ಬೇಕಂತ ಮಾಡಿಲ್ಲ. ನನಗ ಗೊತ್ತಾಗಲೇ ಇಲ್ಲ.”

“ಗೊತ್ತಾಗಿ ಬಿಟ್ಟು ಹೋಗಿದ್ರ ಜಗಳಾರ ಆಡಬೌದಿತ್ತು. ಮರ್ತು ಹೋದವರ ಕೂಡ ಏನ್ ಆಡೂದು?”

ಅವನು ಹೆಲ್ಮೆಟ್ ಬಿಚ್ಚಿ ಕುರ್ಚಿಗೆ ಸಿಕ್ಕಿಸಿದ.

“ನಾ ಫ್ರಾನ್ಸಿಗೆ ಹೋಗ್ತೀನಿ,” ಎಂದಳು.

“ಹೌದಾ!” ಅವನ ಮುಖ ಅರಳಿತು.

“ಸಿಸಿಲಿಯಾ ಕೂಡ. ಆಕಿ ತನ್ನ ಟಿಕೆಟ್ ತಾ ತಗೋತಾಳ, ಈಗ ಮಾತಾಡೀನಿ. ನಿಮ್ಮ ಕೂಡ ಬರಂಗಿಲ್ಲ ಅಂದಿದ್ದೆ, ಫ್ರಾನ್ಸಿಗೆ ಹೋಗಂಗಿಲ್ಲ ಅಂದಿರ್ಲಿಲ್ಲ.”

“ಮತ್ತ ನನ್ನ ಟಿಕೆಟ್?”

“ಸುಟ್ಟು ಬೀಡಿ ಹಚ್ಕೋರಿ.”

ಬೀಡಿ ಸೇದುವ ಚಟ ಅವನಿಗಿರಲಿಲ್ಲ. ಜಗಳ ತೆಗೆಯೋಣವೆಂದರೆ ನ್ಯಾಯ ಪೂರ್ತಿ ಅವಳ ಕಡೆಗಿತ್ತು. ಗರಾಜಿಗೆ ಹೋದ, ಬಂದ. ಫ್ರಿಜ್ ತೆಗೆದ, ಮುಚ್ಚಿದ.

“ಮೊದಲ ಇಲ್ಲಿ ಕುಂಡ್ರಿ,” ಎಂದಳು ವೈಶಾಲಿ. “ಈ ಬಿಳಿ ಗೆರಿ ಹೆಂಗ ಹೋಗ್ತೈತಿ, ಹೇಳಿಕೊಡ್ರಿ.”

ಕೂತ. ಬೆರಳಿಟ್ಟು ಶುರು ಮಾಡಿದ. ಇಲ್ಲಿ ಬಿಟ್ಟರೆ ಏರು, ಈ ಶಿಲುಬೆಯ ಹತ್ತಿರ ಎಡಕ್ಕೆ, ಮುಂದೆ ಕುರಿಹಟ್ಟಿ, ಇಳಿಜಾರಿನಲ್ಲಿ ಜಲ್ಲಿ ಜೋಪಾನ, ಅದರಾಚೆ ಆ ಬಿಳಿ ಕಲ್ಲಿನ ಊರು, ಆ ಊರಿನಾಚೆ ಇನ್ನೊಂದು. ವೈಶಾಲಿ ಅವನ ಮಣಿಕಟ್ಟು ಹಿಡಿದು ಬೆರಳನ್ನು ಎಳೆದು ತಂದು ಮೊದಲ ಊರಿನ ಮೇಲೆ ಒತ್ತಿದಳು.

“ತಡೀರಿ. ನಾ ಇನ್ನೂ ಇಲ್ಲೇ ಅದೀನಿ.”

ಬೆರಳು ಅಲ್ಲೇ ನಿಂತಿತು. ಅವಳು ಊರಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಟೇಬಲ್ಲಿನ ಕೆಳಗೆ ಅವನ ಕಾಲು ಮಾತ್ರ ಕುಣಿಯುತ್ತಲೇ ಇತ್ತು.