ಡೋಲು ಕೇಳಿದರೆ ಓಡುವ ಹೊಟ್ಟೆ

ನನ್ನ ಭಾವ ಕಾಸಿಯಾನೋ ವಿಲ್ಕನ ಹೊಟ್ಟೆಗೆ ಕಿವಿ ಇದೆ ಎಂದರೆ ಒರೂರೊ ಪಟ್ಟಣದಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಪ್ರಪಾತದ ಅಂಚಿನಲ್ಲೂ ಹಾಡು ಗುನುಗುತ್ತಾ ಮಿನಿಬಸ್ ಓಡಿಸುವ ಆಸಾಮಿ. ಆದರೆ ಕಾರ್ನಿವಲ್ ಹಬ್ಬದ ಶನಿವಾರ ನಮ್ಮ ಕುಣಿತದ ತಂಡದ ದೊಡ್ಡ ಡೋಲಿಗೆ ಒಂದು ಪೆಟ್ಟು ಬಿದ್ದರೆ ಸಾಕು, ಹೊಟ್ಟೆ ಹಿಡಿದುಕೊಂಡು ಓಡುತ್ತಿದ್ದ.

ನಮ್ಮ ಕುಣಿತದ ಉಡುಪು ಪೀಪಾಯಿಯಂಥದ್ದು, ಪದರದ ಮೇಲೆ ಪದರ. ಹೊಲಿಯುವವನು ನಾನೇ. ಒಮ್ಮೆ ಬಿಗಿದರೆ ಮೆರವಣಿಗೆ ಸೊಕಾವೋನ್ ಮಾತೆಯ ಇಗರ್ಜಿ ಮುಟ್ಟುವವರೆಗೆ ಬಿಚ್ಚುವಂತಿಲ್ಲ. ಹಾಗಾಗಿ ಉಡುಪು ತೊಡುವ ಮೊದಲು ಭೇದಿ ನಿಲ್ಲಿಸುವ ಮಾತ್ರೆ ನುಂಗುವುದು ನಮ್ಮವರ ರೂಢಿ, ಬೇಕಿರಲಿ ಬೇಡದಿರಲಿ.

ಭಾವ ಶೋಕಿಗೆ ಕುಣಿಯುತ್ತಿರಲಿಲ್ಲ. ಮಗಳು ನಿಯೆವೆಸ್ ಉಸಿರಿಗೆ ಒದ್ದಾಡುತ್ತಾ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವಳು ಉಳಿದರೆ ಮೂರು ವರ್ಷ ಕುಣಿಯುತ್ತೇನೆಂದು ಮಾತೆಗೆ ಹರಕೆ ಹೊತ್ತಿದ್ದ. ಮಗಳು ಉಳಿದಳು. ಹರಕೆ ತಪ್ಪಿದರೆ ಮಾತೆ ಕೊಟ್ಟದ್ದನ್ನು ಕಿತ್ತುಕೊಂಡಾಳೆಂಬ ಭಯ ಅವನಿಗೆ.

ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಭಾವನಿಗೆ ಮಾತ್ರ ತನ್ನ ಹೊಟ್ಟೆಯೇ ಒಂದು ಸೋಜಿಗ. ಮೊದಲ ವರ್ಷ ಔಷಧಿ ಅಂಗಡಿಯ ದೋನ್ಯಾ ಎವುಲೋಹಿಯಾಳ ಮುಂದೆ ಠಿಕಾಣಿ ಹೂಡಿದ.

"ಡೋಲು ಹೊಡೆಯೋದು ಬೀದೀಲಿ. ನನ್ನ ಕರುಳಿಗೆ ಸುದ್ದಿ ಮುಟ್ಟಿಸೋರು ಯಾರು ದೋನ್ಯಾ?"

"ನರಗಳು ಕಣಪ್ಪ. ಕರುಳಿನ ಗೋಡೆ ತುಂಬಾ ಅವುಗಳದೇ ಸಂಸಾರ. ತಲೆ ಹೆದರಿದ್ರೆ ಅವಕ್ಕೂ ಗೊತ್ತಾಗುತ್ತೆ. ಹಿಂಡಿ ಹಿಂಡಿ ಮುಂದಕ್ಕೆ ದೂಡ್ತವೆ, ನೀರು ಹೀರ್ಕೊಳ್ಳೋಕೂ ಪುರುಸೊತ್ತು ಕೊಡಲ್ಲ."

"ಮಾತ್ರೆ ತಗೊಂಡ್ರೆ ಹೆದರಿಕೆ ಹೋಗುತ್ತಾ?"

"ಹೆದರಿಕೆ ಎಲ್ಲಿಗೆ ಹೋಗುತ್ತೆ, ನಿನ್ನ ತಲೇಲೇ ಇರುತ್ತೆ. ಮಾತ್ರೆ ಕರುಳಿನ ನರಗಳಿಗೆ 'ನಿಧಾನ' ಅನ್ನುತ್ತೆ, ಅಷ್ಟೆ. ಆದ್ರೆ ಜ್ವರ ಬಂದ್ರೆ, ರಕ್ತ ಬಿದ್ರೆ ಮುಟ್ಟಬೇಡ. ಆಗ ಬಾಗಿಲು ಹಾಕಿದ್ರೆ ಕಳ್ಳನ್ನ ಮನೆ ಒಳಗೇ ಕೂಡಿ ಹಾಕಿದ ಹಾಗೆ."

ಈ ಕಥೆಯನ್ನು ಭಾವ ಮಿನಿಬಸ್ ಹತ್ತಿದವರ ಕಿವಿಗೆಲ್ಲ ಊದಿದ. ಎರಡು ವರ್ಷ ಮಾತ್ರೆ ನುಂಗಿ ಚೆನ್ನಾಗಿಯೇ ಕುಣಿದ.

ಮೂರನೆಯ ವರ್ಷ ಉಡುಪು ಹೊತ್ತು ಅವನ ಮನೆಗೆ ಹೋದಾಗ ಪಾಯಿಖಾನೆಗೂ ಹಾಸಿಗೆಗೂ ಅಲೆಯುತ್ತಿದ್ದ. ನನಗೆ ನಗು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ! ನುಂಗು ಭಾವ, ಬಿಗಿದುಬಿಡ್ತೀನಿ."

ಅವನು ಮಾತ್ರೆಯ ಹಾಳೆ ಹರಿಯದೆ ಹಾಗೇ ನೋಡುತ್ತಾ ಕೂತ. "ಡೋಲು ಇನ್ನೂ ಹೊಡೆದಿಲ್ಲವಲ್ಲೋ. ಇದು ಏನು ಕೇಳಿ ಓಡ್ತಿದೆ?"

ಹಣೆ ಮುಟ್ಟಿದೆ. ಕಾದ ಕಾವಲಿ. ನನ್ನ ನಗು ಅಲ್ಲೇ ಸತ್ತಿತು. ಹಿಂದಿನ ಸಂಜೆ ಬೀದಿಯಲ್ಲಿ ಕುದಿಸದ ಹಸಿ ಚಟ್ನಿ ಸುರಿದುಕೊಂಡು ಹುರಿದ ಮಾಂಸ ತಿಂದಿದ್ದನಂತೆ. ಸುದ್ದಿ ತಿಳಿದು ದೋನ್ಯಾ ಓಡಿ ಬಂದು ಉಪ್ಪು-ಸಕ್ಕರೆ ಪುಡಿಯ ನೀರು ಕುಡಿಸಿ, "ಇವತ್ತು ಕುಣಿತ ಇಲ್ಲ, ಈಗಲೇ ಆಸ್ಪತ್ರೆ," ಎಂದಳು. ಭಾವ ಮಗುವಿನ ಹಾಗೆ ಅತ್ತ.

"ಹರಕೆ ಹೊತ್ತಿದ್ದು ನನಗೋಸ್ಕರ ತಾನೆ?" ಎಂದಳು ಈಗ ಬೆಳೆದು ನಿಂತಿದ್ದ ನಿಯೆವೆಸ್. "ಕಾಲು ನನ್ನವಾದ್ರೆ ಮಾತೆ ಬೇಡ ಅಂತಾಳಾ? ಮಾಮ, ಉಡುಪು ಒಳಗೆ ಹಿಡಿದು ಹೊಲಿ."

ನಾನು ಗಡಿಬಿಡಿಯಲ್ಲಿ ನಾಲ್ಕು ಹೊಲಿಗೆ ಹಾಕುವುದಕ್ಕೂ ಬೀದಿಯಲ್ಲಿ ಡೋಲಿಗೆ ಪೆಟ್ಟು ಬೀಳುವುದಕ್ಕೂ ಸರಿಹೋಯಿತು. ನಿಯೆವೆಸ್ ಮುಖ ಬಿಳುಚಿಕೊಂಡು ಹೊಟ್ಟೆ ಹಿಡಿದು ಓಡಿದಳು.

ಅವಳು ವಾಪಸು ಬಂದಾಗ ಭಾವ ಆಸ್ಪತ್ರೆಗೆ ಹೊರಟವನು ಬಾಗಿಲಲ್ಲೇ ನಿಂತಿದ್ದ. "ನನ್ನ ಕೈ ಸುಡ್ತಿದೆ, ನೀನು ಮುಟ್ಟಿ ನೋಡೋ," ಎಂದ ನನಗೆ. ಅವಳ ಹಣೆ ತಣ್ಣಗಿತ್ತು.

"ರಕ್ತ ಗಿಕ್ತ?" ಭಾವ ಮಗಳನ್ನು ಕೇಳಿದ.

"ಇಲ್ಲಪ್ಪ. ಡೋಲು ಕೇಳಿಸಿತು, ಅಷ್ಟೇ."

ಭಾವ ಕಣ್ಣೊರೆಸಿಕೊಂಡು ನಕ್ಕ. ತಾನು ನುಂಗದೆ ಇಟ್ಟುಕೊಂಡ ಮಾತ್ರೆಯನ್ನು ಹಾಳೆಯ ಸಮೇತ ಅವಳಿಗೆ ಕೊಟ್ಟ. "ಕೈ ತೊಳ್ಕೊಂಡು ನುಂಗು. ಮಾತೆಗೆ ಹೇಳು, ಕಾಲು ಮಗಳದು, ಹೊಟ್ಟೆ ಮಾತ್ರ ಅಪ್ಪಂದೇ ಅಂತ."

ಒಂದು ಕಾಲಕ್ಕೆ ಉಸಿರೇ ಭಾರವಾಗಿದ್ದ ಆ ಎದೆಯ ಮೇಲೆ ನಾನು ಅಷ್ಟೂ ಪದರಗಳನ್ನು ಬಿಗಿದೆ. ಇಗರ್ಜಿಯವರೆಗೂ ಅವಳು ಕುಣಿದೇ ಹೋದಳು.