ನನಗಿಲ್ಲದ ಸೂತಕ

ಅತ್ತೆ ತೀರಿಕೊಂಡ ವಾರದಲ್ಲೇ ನನ್ನನ್ನು ಪಡುಬಿದ್ರಿಯ ಒಂದು ಮದುವೆಗೆ ಕಳುಹಿಸಿದರು. ಇದನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ನಮ್ಮಲ್ಲಿ ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ ಬರುತ್ತದೆ. ಅತ್ತೆ, ಅವರ ಮಗನಾದ ನನ್ನ ಗಂಡ, ಕಾಪುವಿನಲ್ಲಿರುವ ನಾದಿನಿ, ಇವರೆಲ್ಲ ಒಂದು ಬಳಿ. ನಾನು ಬೇರೆ. ಆದ್ದರಿಂದ ಸಾವಿನ ಸೂತಕ ಅವರಿಗೆ ಉಂಟು, ನನಗಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಶಾಲೆಯ ಕೆಲಸವನ್ನು ಅವಧಿಗೆ ಮುನ್ನವೇ ಬಿಟ್ಟವಳು ನಾನು. ಕಾರ್ಕಳದ ಮನೆಯಲ್ಲಿ ವರ್ಷಗಟ್ಟಲೆ ಅವರಿಗೆ ಸ್ನಾನ ಮಾಡಿಸಿದವಳು, ಮಗ್ಗುಲು ಬದಲಿಸಿದವಳು, ಮಧ್ಯಾಹ್ನದ ಗಂಜಿ ಉಣಿಸಿದವಳು ನಾನು. ಅದಕ್ಕೆಲ್ಲ ಬಳಿ ಅಡ್ಡ ಬರಲಿಲ್ಲ.

"ನಿಮಗೆ ಸೂತಕ ಇಲ್ಲಲ್ಲ ಅತ್ತಿಗೆ," ಎಂದಳು ನಾದಿನಿ. "ಮನೆಯಿಂದ ಒಬ್ಬರಾದರೂ ಹೋಗದಿದ್ದರೆ ಮದುವೆಯವರು ಎಂತ ಹೇಳಿಯಾರು? ಆ ಹಸಿರು ಪಟ್ಟೆ ಸೀರೆ ಉಡಿ. ಮುಖ ಸ್ವಲ್ಪ ನಗುನಗುತ್ತಾ ಇರಲಿ."

ಗಂಡ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅದನ್ನೂ ನಾನು ಮರೆತಿಲ್ಲ.

ಹೋದೆ. ಹೂ ಮುಡಿದೆ. ಊಟಕ್ಕೆ ಕೂತೆ. ಎಲೆಗೆ ಬಿದ್ದ ಅನ್ನವನ್ನು ಕಲಸಿದೆ, ಬಾಯಿಗಿಡಲಾಗಲಿಲ್ಲ. ಪಕ್ಕದ ಹೆಂಗಸು, "ಅತ್ತೆಯ ಕಾಟ ಮುಗಿಯಿತಲ್ಲ, ಇನ್ನು ನೀವು ಆರಾಮ, ಅಲ್ವಾ?" ಎಂದಳು. ಅಂದಿನಿಂದ ಮಧ್ಯಾಹ್ನದ ಊಟ ನನಗೆ ಇಳಿಯಲಿಲ್ಲ. ರವಿಕೆಗಳು ಸಡಿಲವಾದವು. ಪರೀಕ್ಷೆಗಳಲ್ಲಿ ಏನೂ ಕಾಣದೆ ವೈದ್ಯರು ನನ್ನನ್ನು ಮಣಿಪಾಲದ ಒಬ್ಬ ಆಪ್ತಸಮಾಲೋಚಕಿಯ ಬಳಿಗೆ ಕಳುಹಿಸಿದರು.

ಅತ್ತೆ ಒಳ್ಳೆಯವರಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ನನ್ನ ಸೀಮಂತದ ದಿನ, ತವರಿನವರು ತಂದ ಸೀರೆಯನ್ನು ಬಂದವರ ಮುಂದೆ ಬಿಡಿಸಿ, "ಕಿಟಕಿಗೆ ಪರದೆ ಮಾಡಬಹುದು" ಎಂದವರು ಅವರು. ಹಾಸಿಗೆ ಹಿಡಿದ ಮೇಲೂ ಉಣಿಸುವ ಕೈಯನ್ನು ತಡೆದು, "ಟೀಚರೇ, ಗಂಜಿಗೆ ಉಪ್ಪು ಹಾಕುವುದು ಯಾವ ಪಾಠದಲ್ಲಿ ಬರುತ್ತದೆ?" ಎಂದು ಕೇಳುತ್ತಿದ್ದರು. ಪ್ರತಿಯೊಂದಕ್ಕೂ ನಾನು ಉತ್ತರ ಕೊಟ್ಟಿದ್ದೆ. ಈಗ ನಾನು ಉತ್ತರ ಕೊಡಲು ಎದುರಿಗೆ ಯಾರೂ ಇರಲಿಲ್ಲ.

ಸಮಾಲೋಚಕಿ ಧಾರವಾಡದ ಕಡೆಯ ಹುಡುಗಿ. "ಬರ್ರಿ ಅಜ್ಜಿ," ಎಂದಳು. ಅಜ್ಜಿ ಎನ್ನುವ ಸಲುಗೆ ಯಾರು ಕೊಟ್ಟರೆಂದು ಕೇಳಿದೆ. "ತಪ್ಪಾತ್ರೀ ಮೇಡಂ," ಎಂದು ನಕ್ಕಳು. ಕ್ಷಮಿಸಿಬಿಡಿ, ಮರೆತುಬಿಡಿ ಎಂಬ ಉಪದೇಶವನ್ನು ಎದುರಿಸಲು ಸಿದ್ಧಳಾಗಿ ಹೋಗಿದ್ದೆ; ಅವಳು ಅದನ್ನು ಹೇಳಲೇ ಇಲ್ಲ. ಬಳಿ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲಿನಿಂದ ವಿವರಿಸಬೇಕಾಯಿತು.

"ಸೂತಕ ಇದ್ದವರು ಏನ್ ಮಾಡ್ತಾರ್ರೀ?"

"ಶುಭಕಾರ್ಯಗಳಿಗೆ ಹೋಗುವುದಿಲ್ಲ. ಹೂ ಮುಡಿಯುವುದಿಲ್ಲ. ಜನ ಬಂದು ಹತ್ತಿರ ಕೂತುಕೊಳ್ಳುತ್ತಾರೆ, ಹೋದವರ ಬಗ್ಗೆ ಮಾತನಾಡುತ್ತಾರೆ."

"ನಿಮ್ಮ ಹತ್ರ ಯಾರ್ ಬಂದು ಕೂತಿದ್ರೀ?"

ಆ ದಿನ ಚೀಲ ಎತ್ತಿಕೊಂಡು ಎದ್ದು ಬಂದೆ. ಆದರೆ ವಾರವಾರವೂ ಬಸ್ಸು ಹತ್ತಿ ಹೋದೆ. ಅತ್ತೆ ಆಡಿದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಆತುರಪಡಿಸದೆ ಕೇಳಿದಳು. "ದಿನಾ ಜಗಳಾಡಿದವರು ಹೋದ್ರೂ ಮನಿ ಖಾಲೀನ ಆಗ್ತದಲ್ರೀ," ಎಂದು ಒಮ್ಮೆ ಹೇಳಿದಳು. ನನ್ನದು ದುಃಖವೇ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ ಎಂದಳು. ಇಷ್ಟು ಸರಳವಾದುದನ್ನು ಮನೆಯವರೊಬ್ಬರೂ ಹೇಳಿರಲಿಲ್ಲ.

ಕೆಲವು ತಿಂಗಳ ಬಳಿಕ ನಾದಿನಿಯ ಫೋನ್ ಬಂತು. "ಅತ್ತಿಗೆ, ಉಡುಪಿಯಲ್ಲಿ ನಿಶ್ಚಿತಾರ್ಥ ಉಂಟು. ಆರತಿ ಎತ್ತಲಿಕ್ಕೆ ನೀವೇ ಆಗಬೇಕು."

"ಬರುವುದಿಲ್ಲ. ನನಗೆ ಸೂತಕ."

"ಅಯ್ಯೋ, ಯಾರು ಹೋದದ್ದು?"

"ನಿನ್ನ ಅಮ್ಮ."

"ನಿಮಗೆಂತ ಮರುಳಾ ಅತ್ತಿಗೆ? ವರ್ಷ ಆಗುತ್ತಾ ಬಂತು!"

"ನಿಮ್ಮದು ಮುಗಿದಿರಬಹುದು," ಎಂದು ಫೋನ್ ಇಟ್ಟೆ.

ನನಗೆ ತಲೆ ಕೆಟ್ಟಿದೆಯೆಂದು ಅವಳು ಕಾಪುವಿನಲ್ಲಿ ಹೇಳಿಕೊಂಡು ಬಂದಿದ್ದಾಳೆ. ಯಾರ್ಯಾರಿಗೆ ಹೇಳಿದಳೆಂಬುದೂ ನನಗೆ ತಿಳಿದಿದೆ. ನಿಶ್ಚಿತಾರ್ಥದ ದಿನ ಗಂಡನೂ ಹೋಗಲಿಲ್ಲ. ಮಧ್ಯಾಹ್ನ ತಾವೇ ಎರಡು ಬಟ್ಟಲು ಗಂಜಿ ತಂದಿಟ್ಟು, ನನ್ನೆದುರು ಕೂತು, "ಅಮ್ಮ ಕೊನೆಗೆ ಎಂತ ಹೇಳಿದರು?" ಎಂದು ಮೊದಲ ಸಲ ಕೇಳಿದರು. ಹೇಳಲು ಬಾಯಿ ತೆರೆದವಳಿಗೆ ಅಳು ಬಂತು. ಅವರು ಎದ್ದು ಹೋಗಲಿಲ್ಲ. ಅಷ್ಟು ತಡವಾಗಿ ಕೇಳಿದ್ದಕ್ಕೆ ಅವರನ್ನು ನಾನಿನ್ನೂ ಕ್ಷಮಿಸಿಲ್ಲ. ಗಂಜಿ ಅರ್ಧ ಇಳಿಯಿತು, ಉಳಿದದ್ದು ಆರಿಹೋಯಿತು.