ಫಾದರ್ ಓಡುತ್ತಿದ್ದಾರೆ, ಯಾರಿಗೇನಾಯ್ತು?

ನಾನು ಓಡುವುದನ್ನು ಕಂಡವರಲ್ಲಿ ಅದನ್ನು ಓಟ ಎಂದು ಕರೆದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ಹೊಳಲ್ಕೆರೆಯಿಂದ ರಾಮಗಿರಿಯ ಕಡೆ ಹೋಗುವ ರಸ್ತೆಯಲ್ಲಿ ಮೊದಲ ದಿನವೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನನ್ನನ್ನು ತಡೆದು, "ಯಾಕ್ ಸಾಮಿ, ನಾಯಿ ಗೀಯಿ ಬೆನ್ನು ಹತ್ತೈತಾ?" ಎಂದು ಕೋಲೆತ್ತಿ ನನ್ನ ಹಿಂದೆ ನೋಡಿದರು. ಹಿಂದೆ ಏನೂ ಇರಲಿಲ್ಲ. ವ್ಯಾಯಾಮ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು, "ಮೇಯ್ತಾ ಹೋಗೋ ಕುರಿಗಳೇ ನಿಮಗಿಂತ ಮುಂದೆ ಹೋದ್ವಲ್ಲ ಸಾಮಿ" ಎಂದರು. ನಮ್ಮಂಥ ಪಾದ್ರಿಗಳನ್ನು ಕುರಿಗಾಹಿಗಳೆಂದು ಹೊಗಳುವ ರೂಢಿ ಧರ್ಮಸಭೆಯಲ್ಲಿದೆ. ನಿಜವಾದ ಕುರಿಗಾಹಿಯ ಎದುರು ಆ ಬಿರುದನ್ನು ಬಾಯಿ ಬಿಡದೆ ಜೇಬಿನಲ್ಲಿಟ್ಟುಕೊಂಡೆ.

ಐವತ್ತು ದಾಟಿದ ಕಥೋಲಿಕ ಗುರುವೊಬ್ಬ ಓಡಲು ಶುರು ಮಾಡಿದ್ದೇಕೆ ಎಂದು ನೀವು ಕೇಳಬಹುದು. ಚಿಂತೆ ಮಾಡುವುದು ನನ್ನ ಎರಡನೆಯ ವೃತ್ತಿ. ಚಿಂತಿಸಬೇಡಿ ಎಂದು ಭಾನುವಾರ ಬೋಧಿಸಿ, ಜನ ಅದನ್ನು ನಂಬಿದರೋ ಇಲ್ಲವೋ ಎಂದು ಸೋಮವಾರ ಚಿಂತಿಸುವವನು ನಾನು. ಹೊಳಲ್ಕೆರೆಯಲ್ಲಿ ಪೂಜೆ ಮುಗಿಸಿ, ಅಲ್ಲೊಂದು ಇಲ್ಲೊಂದು ಕುಟುಂಬವಿರುವ ಹೊಸದುರ್ಗದ ಕಡೆಯ ಹಳ್ಳಿಗಳಿಗೆ ಬೈಕಿನಲ್ಲಿ ಹೋಗುವಾಗ, ಪೀಠದ ಮೇಲಿನ ಮೇಣದಬತ್ತಿ ಆರಿಸಿದೆನೋ ಇಲ್ಲವೋ ಎಂಬ ಸಂಶಯ ನನ್ನ ಹಿಂದಿನ ಸೀಟಿನಲ್ಲಿ ಕೂತು ಬರುತ್ತದೆ. ಇಂಥವನಿಗೆ ಬಿ.ಪಿ. ಬರದೆ ಇನ್ನಾರಿಗೆ ಬರಬೇಕು? ಡಾಕ್ಟರು ದಿನಾ ನಡೆಯಿರಿ ಎಂದರು. ನಡೆದೆ. ಆದರೆ ನಡೆಯುವ ಪಾದ್ರಿಯನ್ನು ನಮ್ಮ ಊರುಗಳಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಒಬ್ಬರಿಗೆ ದೀಕ್ಷಾಸ್ನಾನದ ಸರ್ಟಿಫಿಕೇಟು, ಇನ್ನೊಬ್ಬರಿಗೆ ಅತ್ತೆ–ಸೊಸೆ ವ್ಯಾಜ್ಯ, ಮತ್ತೊಬ್ಬರಿಗೆ ಬರೀ ಮಾತು. ನಡಿಗೆ ಮುಗಿಸಿ ಬಂದಾಗ ಬಿ.ಪಿ. ಹೋಗುವಾಗಿನದಕ್ಕಿಂತ ಜಾಸ್ತಿ. "ಹಂಗಾದ್ರೆ ಓಡಿ ಫಾದರ್, ಆಗ ಯಾರೂ ನಿಲ್ಲಿಸಲ್ಲ" ಎಂದರು ಡಾಕ್ಟರು. ಅವರು ಬೇರೆ ಜಿಲ್ಲೆಯವರು.

ನಮ್ಮ ಕಡೆ ಸುಮ್ಮನೆ ಓಡುವವರನ್ನು ಕಂಡರೆ ಜನಕ್ಕೆ ತಡೆಯಲಾಗುವುದಿಲ್ಲ. ಬಸ್ಸಿಗೆ ಓಡಬೇಕು, ಹೋರಿಗೆ ಹೆದರಿ ಓಡಬೇಕು, ಇಲ್ಲವೇ ಕೆಟ್ಟ ಸುದ್ದಿ ಕೇಳಿ ಓಡಬೇಕು. ನಾಲ್ಕನೆಯ ಕಾರಣ ಇನ್ನೂ ಚಾಲ್ತಿಗೆ ಬಂದಿಲ್ಲ. ಬೈಕಿನವರು ಪಕ್ಕಕ್ಕೆ ಬಂದು, "ಹತ್ರಿ ಫಾದರ್, ಹತ್ರಿ, ಎಲ್ಲಿಗ್ ಬಿಡಾಣ?" ಎನ್ನುವರು. ಬೇಡ ಎಂದರೆ ಬೇಜಾರು. ಎರಡು ಸಲ ಹತ್ತಿದ್ದೂ ಉಂಟು. ಆ ದಿನಗಳಲ್ಲಿ ನನ್ನ ವೇಗ ಚೆನ್ನಾಗಿತ್ತು.

ಇದು ಊರವರ ಮಾತಾಯಿತು. ನಮ್ಮ ಕ್ರೈಸ್ತರದು ಬೇರೆಯೇ ಲೆಕ್ಕಾಚಾರ. ಓಡುವಾಗ ಕೀಲಿ, ಫೋನು ಇಟ್ಟುಕೊಳ್ಳಲು ಒಂದು ಸಣ್ಣ ಕಪ್ಪು ಚೀಲ ತಂದಿದ್ದೆ. ಸೊಂಟಕ್ಕೆ ಕಟ್ಟುವಂಥದ್ದು. ಆದರೆ ನನ್ನ ಮೈಯಲ್ಲಿ ಸೊಂಟ ಎಲ್ಲಿಂದ ಎಲ್ಲಿಯವರೆಗೆ ಎಂಬ ಬಗ್ಗೆ ಚೀಲಕ್ಕೆ ಒಂದು ತೀರ್ಮಾನಕ್ಕೆ ಬರಲಾಗದೆ ಅದು ಜಾರುತ್ತಲೇ ಇತ್ತು. ಕೊರಳಿಗೆ ಹಾಕಿಕೊಂಡೆ. ಎಡವಟ್ಟಾದದ್ದು ಅಲ್ಲೇ. ಸಾಯುವ ಸ್ಥಿತಿಯಲ್ಲಿರುವವರ ಮನೆಗೆ ಗುರುಗಳು ಪರಮಪ್ರಸಾದವನ್ನೂ ಮಂತ್ರಿಸಿದ ಎಣ್ಣೆಯನ್ನೂ ಒಯ್ಯುವುದು ಇಂಥದೇ ಸಣ್ಣ ಚೀಲದಲ್ಲಿ, ಕೊರಳಿಗೆ ಹಾಕಿಕೊಂಡು. ಹಾಗೆ ಹೋಗುವಾಗ ದಾರಿಯಲ್ಲಿ ಯಾರೊಡನೆಯೂ ಮಾತಾಡಬಾರದೆಂಬುದು ಹಳೆಯ ಪದ್ಧತಿ. ನಾನು ಕೊರಳಲ್ಲಿ ಚೀಲ ನೇತುಹಾಕಿಕೊಂಡು, ಉಸಿರು ಸಾಲದೆ ಮಾತಿಲ್ಲದೆ, ಬೆಳಗಾಗುವ ಮುಂಚೆ ಓಡಿದರೆ ನೋಡಿದವರು ಇನ್ನೇನು ತಿಳಿಯಬೇಕು? ಚಪ್ಪಲಿ ಬಿಟ್ಟು ನಿಂತು ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಇದೇನು ಭಕ್ತಿ ಹೆಚ್ಚಿತಲ್ಲ ಎಂದು ನಾನು ಕೈಯೆತ್ತಿ ಹರಸಿ ಮುಂದೆ ಹೋಗುತ್ತಿದ್ದೆ. ನನ್ನ ಬೆನ್ನ ಹಿಂದೆ ಫೋನುಗಳು ಓಡುತ್ತಿದ್ದವು: "ಫಾದರ್ ಎಣ್ಣೆ ತಗಂಡು ಓಡ್ತಾ ಅವ್ರೆ, ಯಾರಿಗೇನಾಯ್ತು?"

ಆ ಫೋನುಗಳಲ್ಲೊಂದು ಹಿರಿಯೂರು ತಲುಪಿತು. ಮಾಡಿದವರು ತೆರೇಸಮ್ಮ, ಹೊಳಲ್ಕೆರೆಯಲ್ಲೇ ಇರುವ ನನ್ನ ಚಿಕ್ಕಮ್ಮ. ಎತ್ತಿದವಳು ನನ್ನ ಅವ್ವ ಲೂರ್ದಮ್ಮ.

ಅವ್ವ ಹಿರಿಯೂರಿನಲ್ಲಿ ನನ್ನ ತಮ್ಮ ಇನ್ನಾಸಪ್ಪನ ಮನೆಯಲ್ಲಿ ಇದ್ದಾಳೆ. ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಅವ್ವನಿಗೆ ಹೊಟ್ಟೆನೋವು ಬಂದು ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳು ಕಂಡಿದ್ದವು. "ಕಲ್ಲಿನ ಕ್ವಾಟೆ ಊರಾಗೆ ಹುಟ್ಟಿದೋಳಿಗೆ ಕಲ್ಲಾಗದೆ ಮಲ್ಲಿಗೆ ಹೂವಾಗ್ತೈತಾ?" ಎಂದು ಆಸ್ಪತ್ರೆಯಲ್ಲೇ ಎಲ್ಲರನ್ನೂ ನಗಿಸಿದ್ದಳು. ಆದರೆ ಡಾಕ್ಟರು ನಗಲಿಲ್ಲ. ಈಗಾಗಲೇ ಎರಡು ಸಲ ನಂಜಾಗಿದೆ, ಈ ವಯಸ್ಸಿನಲ್ಲಿ ಮೂರನೆಯದನ್ನು ತಡೆಯುವುದು ಕಷ್ಟ, ಬೇಗ ಆಪರೇಷನ್ ಮಾಡಿಸಿ ಎಂದರು. ಚಿತ್ರದುರ್ಗದಲ್ಲಿ ದಿನ ಗೊತ್ತಾಯಿತು. ಅವ್ವ ಒಪ್ಪಿದ್ದಳು ಕೂಡ. ಅಷ್ಟರಲ್ಲಿ ತಮ್ಮನ ಫೋನು ಬಂತು.

"ಅಣ್ಣ, ಅವ್ವ ಆಪರೇಷನ್ ಒಲ್ಲೆ ಅಂತ ಕುಂತೈತೆ. ನಿನ್ನಿಂದಾನೆ."

"ನಾನೇನು ಮಾಡಿದೆನೋ?"

"ದಿನಾ ಬೆಳಿಗ್ಗೆ ಕೊರಳಾಗೆ ಎಣ್ಣೆ ಹಾಕ್ಕಂಡು ಓಡ್ತೀಯಂತಲ್ಲ? ಹೊಳಲ್ಕೆರೆಯಾಗೆ ಯಾರೂ ಸತ್ತಿಲ್ಲ, ಅಂದ್ಮೇಲೆ ಆ ಎಣ್ಣೆ ನನಗೇ ಅಂತೈತೆ ಅವ್ವ. ಡಾಕ್ಟ್ರು ನಮಗೆ ಏನೋ ಹೇಳವ್ರೆ, ನಾವು ಮುಚ್ಚಿಟ್ಟೀವಿ, ಫೋನ್ ಬಂದ ಕೂಡ್ಲೆ ಹೊರಡಾಕೆ ನೀನು ಪ್ರಾಕ್ಟೀಸ್ ಮಾಡ್ತಾ ಇದ್ದೀಯ ಅಂತೈತೆ. ಸಾಯೋದೇ ಆದ್ರೆ ಹೊಟ್ಟೆ ಕುಯ್ಸ್ಕಂಡು ಯಾಕೆ ಸಾಯ್ಲಿ ಅಂತ ಒಂದೇ ಹಟ."

ಈ ತರ್ಕದಲ್ಲಿ ದೋಷ ಹುಡುಕಿದೆ. ಸಿಗಲಿಲ್ಲ. ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ನಾಲ್ಕಾರು ವರ್ಷ ತರ್ಕಶಾಸ್ತ್ರ ಓದಿದವನು ನಾನು. ಅವ್ವ ಓದದೆಯೇ ಮುಂದಿದ್ದಳು.

ಇಲ್ಲಿ ಎಣ್ಣೆಯ ಬಗ್ಗೆ ಒಂದೆರಡು ಮಾತು ಹೇಳಬೇಕು. ಈ ಸಂಸ್ಕಾರ ಇರುವುದು ರೋಗಿಗಳಿಗಾಗಿ, ಸಾಯುವವರಿಗೆ ಮಾತ್ರವಲ್ಲ. ದೊಡ್ಡ ಆಪರೇಷನ್ನಿಗೆ ಮುಂಚೆ ಧೈರ್ಯ ಬರಲೆಂದೂ ಹಚ್ಚಿಸಿಕೊಳ್ಳಬಹುದು. ಎಷ್ಟೋ ಸಲ ಇದನ್ನು ಪ್ರಬೋಧನೆಯಲ್ಲಿ ಹೇಳಿದ್ದೇನೆ. ನಮ್ಮ ನಾಡಿನಲ್ಲಿ ಹುಟ್ಟಿದ ಕೂಸಿಗೆ ಎಣ್ಣೆ, ಮದುಮಗನಿಗೆ ಎಣ್ಣೆ, ಅಖಾಡಕ್ಕೆ ಇಳಿಯುವ ಪೈಲ್ವಾನನಿಗೆ ಎಣ್ಣೆ, ಹೊರಡುವ ಗಾಡಿಯ ಅಚ್ಚಿಗೆ ಎಣ್ಣೆ. ಹೊರಡುವವರಿಗೆ ಹಚ್ಚುತ್ತೇವೆಯೇ ಹೊರತು ನಿಲ್ಲುವವರಿಗಲ್ಲ ಎಂದು ಉದಾಹರಣೆ ಸಮೇತ ವಿವರಿಸಿದ್ದೇನೆ. ಜನ ತಲೆದೂಗಿ, ಮನೆಗೆ ಹೋಗಿ, ಅದನ್ನು ‘ಕೊನೇ ಎಣ್ಣೆ’ ಎಂದೇ ಕರೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಡಾಕ್ಟರನ್ನು ಕರೆಯುತ್ತಾರೆ, ನೆಂಟರನ್ನು ಕರೆಯುತ್ತಾರೆ, ಉಸಿರು ಗಂಟಲಿಗೆ ಬಂದಾಗ ಪಾದ್ರಿಯನ್ನು ಕರೆಯುತ್ತಾರೆ. ಆ ಹೊತ್ತಿಗೆ ಹೋದರೆ ಯಾವ ಎಣ್ಣೆ ತಾನೇ ಒಳ್ಳೆಯ ಹೆಸರು ಉಳಿಸಿಕೊಂಡೀತು? ನಮ್ಮ ಅಪ್ಪನಿಗೂ ಹಾಗೇ ಆಯಿತು. ಮಧ್ಯಾಹ್ನ ಪಾದ್ರಿ ಬಂದು ಹಚ್ಚಿದರು, ಸಂಜೆಗೆ ಅಪ್ಪ ತೀರಿಕೊಂಡರು. ಅವ್ವನ ಲೆಕ್ಕದಲ್ಲಿ ಸಾಕ್ಷಿ ಅಷ್ಟು ಸಾಕು.

ಮರುದಿನವೇ ಹೊಸದುರ್ಗದ ಮೇಲೆ ಹಿರಿಯೂರಿಗೆ ಬೈಕು ಹೊಡೆದೆ. ನಮ್ಮ ಜಿಲ್ಲೆಯ ಗಾಳಿ ನಿಮಗೆ ಗೊತ್ತಲ್ಲ; ಗುಡ್ಡಗಳ ಮೇಲಿನ ಗಾಳಿಯಂತ್ರಗಳು ತಣ್ಣಗೆ ತಿರುಗುತ್ತಿದ್ದರೆ ಕೆಳಗೆ ಬೈಕು ಅಡ್ಡಡ್ಡ ಹೋಗುತ್ತಿರುತ್ತದೆ. ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಮೂರು ಭಾಗದ ಒಳ್ಳೆಯ ಪ್ರಬೋಧನೆಯೇ ತಯಾರಾಗಿತ್ತು. ಅದರಲ್ಲಿ ಒಂದು ಭಾಗವೂ ಬಳಕೆಯಾಗಲಿಲ್ಲ.

ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ನನಗೆ ಗುರುದೀಕ್ಷೆಯಾದ ದಿನ ನನ್ನ ಕೈಗೆ ಮುತ್ತಿಟ್ಟು "ಫಾದರ್, ನೀವು" ಎಂದಿದ್ದವಳು ಮಾರನೆಯ ದಿನದಿಂದಲೇ ಹಳೆಯ ಕ್ರಮಕ್ಕೆ ಮರಳಿದ್ದಳು.

"ಲೇ ಚೌರಿ, ಆ ಚೀಲ ತೋರ್ಸು."

ತೋರಿಸಿದೆ. ಒಂದೊಂದಾಗಿ ಹೊರಗೆ ತೆಗೆದಳು. ಕೀಲಿ, ಫೋನು, ಮಡಿಸಿದ ಕರ್ಚೀಫು, ಅರ್ಧ ತಿಂದ ಕಡ್ಲೆಮಿಠಾಯಿ. ತಲೆಕೆಳಗು ಮಾಡಿ ಕೊಡವಿದಳು.

"ಇಷ್ಟೇನಾ? ಮತ್ತೆ ಯಾಕೆ ಓಡ್ತೀಯ?"

"ಬಿ.ಪಿ. ಐತಂತೆ ಅವ್ವ. ಡಾಕ್ಟ್ರು ಓಡು ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಚಿಂತೆ ಮಾಡ್ತೀಯ ಅಂತ."

"ಓಹೋ. ನಾನು ಹೊಟ್ಟೆನೋವು ಮುಚ್ಚಿಟ್ಟಾಗ ಫೋನಾಗೆ ಒಂದು ಗಂಟೆ ಬುದ್ಧಿ ಹೇಳ್ದೋನು ನೀನೇ ಅಲ್ವಾ?" ಕಡ್ಲೆಮಿಠಾಯಿಯನ್ನು ತನ್ನ ಮಗ್ಗುಲಿಗೆ ಸರಿಸಿಕೊಂಡಳು. "ಇದು ನಿನಗೆ ಬ್ಯಾಡ. ಎಣ್ಣೆ ಎಲ್ಲೈತೆ?"

ಚಿಂತೆಯ ಮನುಷ್ಯ ಎಲ್ಲವನ್ನೂ ತಂದಿರುತ್ತಾನೆ. "ಬೈಕಿನ ಬ್ಯಾಗಲ್ಲೈತೆ" ಎಂದೆ. ಅವ್ವನ ಕೈ ಹುಣಸೆಹಣ್ಣಿನ ಮೇಲೆ ನಿಂತಿತು.

"ತಂದೇಬಿಟ್ಟಿದ್ದೀಯಲ್ಲಪ್ಪಾ."

"ಹೆದರಬ್ಯಾಡವ್ವ, ಅದು ಸಾಯೋಕಲ್ಲ. ಬೇಡ ಅಂದ್ರೆ ಮುಟ್ಟಲ್ಲ. ಆಪರೇಷನ್ ಒಂದು ಮಾಡಿಸ್ಕೊ."

"ಸಾಯೋಕಲ್ಲದಿದ್ರೆ ನೀನೇ ಮೊದ್ಲು ಹಚ್ಕಂಡು ತೋರ್ಸು. ನಿನಗೂ ಬಿ.ಪಿ. ಐತಲ್ಲ."

"ಅದಾಗಲ್ಲವ್ವ. ಗುರು ತನಗೆ ತಾನೇ ಹಚ್ಚಿಕೊಳ್ಳೋ ಹಾಗಿಲ್ಲ."

ಅವ್ವ ತಲೆಯೆತ್ತಿದಳು. "ಅಂದ್ರೆ? ಊರಿಗೆಲ್ಲ ಹಚ್ಚಿ, ನಿನಗೆ ಹುಷಾರಿಲ್ಲದಾಗ?"

"ಬೇರೆ ಫಾದರ್ ಬರಬೇಕು."

"ಯಾರೂ ಸಿಗದಿದ್ರೆ?"

"ಯಾರೂ ಸಿಗದಿದ್ರೆ... ಇಲ್ಲ."

ಇದು ನಮಗೆಲ್ಲ ಗೊತ್ತಿರುವ ನಿಯಮ. ನಾನು ಅದರ ಬಗ್ಗೆ ಯಾವತ್ತೂ ಎರಡನೆಯ ಸಲ ಯೋಚಿಸಿರಲಿಲ್ಲ. ಚಿಂತಿಸಲು ಬೇರೆ ಬೇಕಾದಷ್ಟಿತ್ತು. ಅವ್ವ ಮಾತ್ರ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿದಳು. ಮಗನಿಗೆ ಮದುವೆಯಿಲ್ಲ, ಮಕ್ಕಳಿಲ್ಲ ಎಂದಾಗ ಅಷ್ಟೊಂದು ಮರುಗಿದವಳಲ್ಲ. ಅದನ್ನು ದೇವರಿಗೆ ಕೊಟ್ಟ ಕಾಣಿಕೆ ಎಂದು ಎದೆಯುಬ್ಬಿಸಿ ಹೇಳಿಕೊಂಡವಳು. ಆದರೆ ಕೈಯಲ್ಲೇ ಎಣ್ಣೆಯಿದ್ದೂ ಮಗನಿಗೆ ಅದಿಲ್ಲ ಎಂಬುದನ್ನು ಅವಳಿಗೆ ಸಹಿಸಲಾಗಲಿಲ್ಲ.

"ಪಾಪ" ಎಂದಳು. "ನಿನಗಂತೂ ಇಲ್ಲ. ನನಗಾದ್ರೂ ಹಚ್ಚು ಹಂಗಾರೆ. ಇಲ್ಲಿ ಬ್ಯಾಡ, ದುರ್ಗದಾಗೆ ಹಚ್ಚು. ಆಪರೇಷನ್ನಿಗೆ ಹೋಗೋ ಮುಂಚೆ."

ನನ್ನ ಮೂರು ಭಾಗದ ಪ್ರಬೋಧನೆ ಒಳಗೇ ಉಳಿಯಿತು. ಅವ್ವ ಒಪ್ಪಿದ್ದು ಧರ್ಮಶಾಸ್ತ್ರಕ್ಕಲ್ಲ, ನನ್ನ ಮೇಲಿನ ಕನಿಕರಕ್ಕೆ. ದೇವರ ಕೆಲಸಗಳು ಬಹುಪಾಲು ಇಂಥ ಹಿತ್ತಲ ಬಾಗಿಲಿನಿಂದಲೇ ನಡೆಯುತ್ತವೇನೋ ಎಂಬುದು ನನ್ನ ಅನುಮಾನ. ಇದನ್ನು ಬಿಷಪರ ಮುಂದೆ ಹೇಳಲಾರೆ.

ಆಪರೇಷನ್ನಿನ ದಿನ ಬೆಳಿಗ್ಗೆ ಚಿತ್ರದುರ್ಗದ ಆಸ್ಪತ್ರೆಯ ವಾರ್ಡಿನಲ್ಲಿ ಅವ್ವನ ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚಿದೆ. ನೂರಾರು ಜನರಿಗೆ ಹೇಳಿದ ಮಂತ್ರವನ್ನು ಅವತ್ತು ಗಡಿಬಿಡಿಯಲ್ಲಿ ಒಂದೇ ಉಸಿರಿಗೆ ಹೇಳತೊಡಗಿದೆ. ಅವ್ವ ಕಣ್ಣು ಮುಚ್ಚಿಕೊಂಡೇ, "ಮೆಲ್ಲಗೆ ಹೇಳಪ್ಪ, ಮಂತ್ರ ಎಲ್ಲೂ ಓಡಿ ಹೋಗಲ್ಲ" ಎಂದಳು. ಪಕ್ಕದ ಮಂಚದಲ್ಲಿ ಮಾಡದಕೆರೆ ಕಡೆಯ ಹೆಂಗಸೊಬ್ಬರು ತಮ್ಮ ಆಪರೇಷನ್ನಿಗೆ ಕಾಯುತ್ತಾ ಇದನ್ನೆಲ್ಲ ನೋಡುತ್ತಿದ್ದರು.

"ಯಾವ ಎಣ್ಣೆ ಅಜ್ಜಿ ಅದು? ಮಂಡಿನೋವಿಗೆ ಬತ್ತೈತಾ?"

"ಮಂಡಿಗಲ್ಲ ಕಣವ್ವ, ಹೆದ್ರಿಕೆಗೆ" ಎಂದಳು ಅವ್ವ, ಹುಟ್ಟಿದಾಗಿನಿಂದ ಹಾಗೇ ನಂಬಿಕೊಂಡು ಬಂದವಳಂತೆ.

"ಹಂಗಾರೆ ನನಗೂ ಒಂದೀಟು ಹಚ್ಚಪ್ಪ."

ಹಚ್ಚುವಂತಿಲ್ಲ, ಅದು ದೀಕ್ಷಾಸ್ನಾನ ಪಡೆದ ಕ್ರೈಸ್ತರಿಗೆ. ನಾನು ನಿಯಮಕ್ಕೂ ಆ ಮುಖಕ್ಕೂ ನಡುವೆ ಒದ್ದಾಡಿ, ಕೊನೆಗೆ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಅವರು ಹಣೆ ಮುಟ್ಟಿ ನೋಡಿಕೊಂಡು, "ಎಣ್ಣೆ ಹತ್ತಲೇ ಇಲ್ವಲ್ಲ ಸಾಮಿ" ಎಂದರು. "ಅವನು ಮೊದ್ಲಿಂದ್ಲೂ ಹಂಗೇ, ಕೈ ಬಿಗಿ" ಎಂದಳು ಅವ್ವ. ಇಬ್ಬರೂ ನಕ್ಕರು.

ಆಮೇಲೆ ಅವ್ವನ ಹಿಂದೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ನಾನೂ ತಮ್ಮನೂ ಹೊರಗಿನ ಬೆಂಚಿನಲ್ಲಿ ಕೂತೆವು. ಒಳಗೆ ಹೋಗುವಾಗ ಬಿಚ್ಚಿಸಿದ ಅವ್ವನ ಜಪಸರ ತಮ್ಮನ ಮುಷ್ಟಿಯಲ್ಲಿತ್ತು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ನನ್ನ ಕೆಲಸ ಯಾವಾಗಲೂ ರೋಗಿಯ ಕೋಣೆಯೊಳಗೆ. ಅದನ್ನು ಮುಗಿಸಿ ಹೊರಬಂದು, ಇಂಥ ಬೆಂಚುಗಳ ಮೇಲೆ ಕೂತವರಿಗೆ "ಧೈರ್ಯವಾಗಿರಿ" ಎಂದು ಹೇಳಿ, ಹೆಗಲು ತಟ್ಟಿ, ಬೈಕು ಹತ್ತುತ್ತಿದ್ದೆ. ಆ ಮಾತು ಕೇಳಿದ ಮೇಲೂ ಅವರು ಅಲ್ಲೇ ಕೂತಿರಬೇಕಾಗುತ್ತಿತ್ತು ಎಂಬುದು ನನಗೆ ಈಗ ಹೊಳೆಯಿತು. ಪ್ರಾರ್ಥಿಸಲು ನೋಡಿದೆ. ಬಾಗಿಲ ಹಿಡಿಕೆಯನ್ನು ದಿಟ್ಟಿಸುವುದಕ್ಕಿಂತ ದೂರ ನನ್ನ ಪ್ರಾರ್ಥನೆ ಹೋಗಲಿಲ್ಲ.

"ಲೂರ್ದಮ್ಮನ ಕಡೆಯೋರು ಯಾರ್ರೀ?" ನರ್ಸು ಬಾಗಿಲು ತೆರೆದು ಕೂಗಿದರು.

ಎಲ್ಲ ಊರುಗಳಲ್ಲೂ ನಾನು ಎಲ್ಲರ ಕಡೆಯವನು. ಹೀಗೆ ಒಬ್ಬರೇ ಒಬ್ಬರ ಕಡೆಯವನಾಗಿ ಎದ್ದು ನಿಂತು ಬಹಳ ಕಾಲವಾಗಿತ್ತು. "ನಾವೇ, ಮಕ್ಕಳು" ಎಂದೆ.

"ಚೆನ್ನಾಗಾಯ್ತು. ಅಜ್ಜಿಗೆ ಎಚ್ಚರ ಆಗೈತೆ. ವಾರ್ಡಿಗೆ ತರೋಕೆ ಇನ್ನೂ ಹೊತ್ತಾಗ್ತದೆ, ಅಲ್ಲಿಗಂಟ ಇಲ್ಲೇ ಇರ್ರಿ."

ತಮ್ಮ ಕಣ್ಣೊರೆಸಿಕೊಂಡು ಟೀ ತರುತ್ತೇನೆಂದು ಕೆಳಗೆ ಹೋದ. ಅಷ್ಟರಲ್ಲಿ ಮಾಡದಕೆರೆಯ ಆ ಹೆಂಗಸನ್ನು ಒಳಗೆ ಕರೆದೊಯ್ದರು. ಅವರ ಯಜಮಾನರು ಹೆಂಡತಿಯ ತಾಳಿ, ಕಾಲುಂಗುರಗಳನ್ನು ಟವೆಲ್ಲಿನ ತುದಿಗೆ ಗಂಟು ಹಾಕಿ ಹಿಡಿದುಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಮುಂದೆ ನಿಂತಿದ್ದರು. ಅಭ್ಯಾಸಬಲದಿಂದ "ಧೈರ್ಯವಾಗಿರಿ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿ, ಬೆಂಚಿನ ಮೇಲೆ ಒಂದಿಷ್ಟು ಜರುಗಿದೆ.

"ಬರ್ರಿ, ಕುಂತ್ಕಳ್ರಿ" ಎಂದೆ.

ಅವರು ಕೂತರು. ನಾನೂ ಏಳಲಿಲ್ಲ.